ಮಾಘದ ಬೆಳಗಿನಲ್ಲಿ ಹಕ್ಕಿಗಳ ಲೆಕ್ಕ

ಶಿವರಾತ್ರಿಯ ಹೊತ್ತಿಗೆ ಚಳಿಯು ‘ಶಿವ ಶಿವ’ ಎನ್ನುತ್ತ ಓಡಿಹೋಗುತ್ತದೆಂದು ಹಿರಿಯರು ಹೇಳುವ ಮಾತುಂಟು. ಬೆಂಗಳೂರಿನ ಸೀಮೆಯಲ್ಲಿ ಅದು ಹಾಗೆ ಓಡಿಹೋಗುವ ಮುಂಚಿನ ಹದಿನೈದು ಇಪ್ಪತ್ತು ದಿನಗಳು ಬಹಳ ಸೊಗಸಾದವು. ಬೆಳಗಿನ ಜಾವದಲ್ಲಿ ಕೆರೆಯಂಗಳದ ಮೇಲೆ ತೆಳುವಾದ ಮಂಜು ಕವಿದಿರುತ್ತದೆ. ಹತ್ತು ಗಂಟೆಯಾಗುವುದರೊಳಗೆ ಬಿಸಿಲು ಚುರುಗುಟ್ಟತೊಡಗುತ್ತದೆ. ರಾಗಿಯ ಕುಯ್ಲು ಮುಗಿದು ಹೊಲಗಳು ಬರಿದಾಗಿರುತ್ತವೆ. ಸೊಗಡಿನ ಅವರೆಕಾಯಿ ಸಂತೆಯಿಂದ ಮೆಲ್ಲಮೆಲ್ಲನೆ ಮರೆಯಾಗುತ್ತಿರುತ್ತದೆ. ಬೂರುಗ, ಮುತ್ತುಗಗಳು ಎಲೆಯನ್ನೆಲ್ಲ ಕಳಚಿಕೊಂಡು ಬರಿಯ ಕೊಂಬೆಗಳ ತುಂಬ ಕೆಂಪು ಹೂಗಳನ್ನು ಹೊತ್ತು ನಿಲ್ಲುತ್ತವೆ. ಹಕ್ಕಿಗಳನ್ನು ನೋಡಬಯಸುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಮತ್ತೊಂದಿಲ್ಲ. ಎಲೆ ಉದುರಿದ ಮರದಲ್ಲಿ ಹಕ್ಕಿಗೆ ಮರೆಯಿಲ್ಲ. ಉತ್ತರದಿಂದ ಬಂದಿಳಿದ ಅತಿಥಿಗಳು ಇನ್ನೂ ಗಂಟುಮೂಟೆ ಕಟ್ಟಿಲ್ಲ. ಊರಿನ ಹಕ್ಕಿಗಳಾದರೋ ಗೂಡು ಕಟ್ಟುವ ಉತ್ಸಾಹದಲ್ಲಿ ಆಗಲೇ ದನಿ ತೆಗೆದಿರುತ್ತವೆ.

ಹಕ್ಕಿ ನೋಡುವುದೆಂದರೆ ರಂಗನತಿಟ್ಟಿಗೋ ಬಂಡೀಪುರಕ್ಕೋ ಹೋಗಬೇಕೆಂಬ ಭಾವನೆ ರಾಜಾಜಿನಗರ, ಬಸವೇಶ್ವರನಗರಗಳ ಮನೆಗಳಲ್ಲಿ ಬೇರೂರಿದೆ. ರಂಗನತಿಟ್ಟಿನ ಹಿರಿಮೆಯನ್ನು ಅಲ್ಲಗಳೆಯುವಂತಿಲ್ಲ. 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಸಮೀಕ್ಷೆ ಮಾಡಲು ಬಂದ ಸಲೀಂ ಅಲಿಯವರ ಸಲಹೆಯ ಮೇರೆಗೆ ಅದು ಪಕ್ಷಿಧಾಮವಾಯಿತು. ಆದರೆ ಬೆಂಗಳೂರಿನ ಪಡುವಣ ಅಂಚಿನಲ್ಲಿಯೇ, ನೆಲವು ಅರ್ಕಾವತಿಯ ಕಣಿವೆಯತ್ತ ಇಳಿಯುವಲ್ಲಿ, ಹಕ್ಕಿಗಳಿಗೆ ಬೇಕಾದುದೆಲ್ಲ ಒಂದಲ್ಲ ಒಂದು ರೂಪದಲ್ಲಿ ಉಳಿದುಕೊಂಡಿದೆ. ಜ್ಞಾನಭಾರತಿಯ ಸಾವಿರ ಎಕರೆಗೂ ಮಿಕ್ಕ ಆವರಣವಿದೆ. ತುರಹಳ್ಳಿಯ ಕುರುಚಲು ಕಾಡಿದೆ. ಕೆಂಗೇರಿಯಿಂದಾಚೆಗೆ ಕೊಮ್ಮಘಟ್ಟ, ಸೂಲಿಕೆರೆ, ರಾಮೋಹಳ್ಳಿಗಳ ಕಡೆಗೆ ಕೆರೆಗಳೂ ಹೊಲಗಳೂ ಬಂಡೆಗಳೂ ಬೆರೆತ ಬಯಲುಸೀಮೆಯಿದೆ. ಇವೆಲ್ಲವನ್ನೂ ಒಂದೇ ಬೆಳಗಿನಲ್ಲಿ ನೋಡಿ ಮುಗಿಸುವೆನೆಂದು ಹೊರಡುವವನು ಹಕ್ಕಿ ನೋಡುವವನಲ್ಲ, ಊರು ಸುತ್ತುವವನು. ಒಂದೇ ದಾರಿಯನ್ನು ಆರಿಸಿಕೊಂಡು, ಅದನ್ನೇ ವರ್ಷವರ್ಷವೂ ನಡೆಯುವುದರಲ್ಲಿ ಬೇರೆಯೇ ಒಂದು ಫಲವಿದೆ.

ವಿಜಯನಗರದಲ್ಲಿ ನೆಲಸಿರುವ ಒಬ್ಬ ನಿವೃತ್ತ ಗುಮಾಸ್ತರು ಅಂಥವರು. ಮೂವತ್ತು ವರ್ಷಗಳಿಂದ ಮಾಘಮಾಸದ ಒಂದು ಭಾನುವಾರ ಅವರು ಕೆಂಗೇರಿಯಿಂದ ಕೊಮ್ಮಘಟ್ಟದ ದಾರಿ ಹಿಡಿಯುತ್ತಾರೆ. ಮೊದಮೊದಲು ಬಸ್ಸಿನಲ್ಲಿ ಹೋಗುತ್ತಿದ್ದರು. 2021ರಲ್ಲಿ ಕೆಂಗೇರಿಯವರೆಗೆ ಮೆಟ್ರೋ ರೈಲು ಬಂದಮೇಲೆ ಪ್ರಯಾಣ ಸುಲಭವಾಗಿದೆ. ಕೊರಳಲ್ಲಿ ಹಳೆಯ ದುರ್ಬೀನು, ಜೇಬಿನಲ್ಲಿ ಉದ್ದನೆಯ ಒಂದು ಲೆಕ್ಕದ ಪುಸ್ತಕ. ಕಚೇರಿಯಲ್ಲಿ ಜೀವಮಾನವಿಡೀ ಜಮಾಖರ್ಚು ಬರೆದವರಿಗೆ ಹಕ್ಕಿಗಳ ವಿಷಯದಲ್ಲಿಯೂ ಲೆಕ್ಕದ ಪುಸ್ತಕವೇ ಬೇಕಾಯಿತೆಂದು ಮನೆಯವರು ನಗುತ್ತಾರೆ. ಈ ಸಲ ಅವರ ಜೊತೆಗೆ ಒಂಬತ್ತನೆಯ ತರಗತಿಯಲ್ಲಿ ಓದುವ ತಮ್ಮನ ಮಗಳೂ ಹೊರಟಳು.

ಕೆಂಗೇರಿಗೆ ಬಂದಿಳಿದವರಿಗೆ ಮೊದಲು ಎದುರಾಗುವುದು ಹಕ್ಕಿಯಲ್ಲ, ವೃಷಭಾವತಿಯ ವಾಸನೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿಯಲ್ಲಿ ಹುಟ್ಟಿದಳೆಂದು ಜನ ನಂಬುವ, ಗಾಳಿ ಆಂಜನೇಯನ ಗುಡಿಯ ಮಗ್ಗುಲಲ್ಲಿ ಹರಿದು ಬರುವ ಈ ನದಿ ಇಂದು ಊರಿನ ಕೊಳಚೆಯನ್ನೂ ಕಾರ್ಖಾನೆಗಳ ಕಲ್ಮಷವನ್ನೂ ಹೊತ್ತು, ಅಲ್ಲಲ್ಲಿ ನೊರೆಯೆಬ್ಬಿಸುತ್ತ, ಬಿಡದಿಯ ಕಡೆಯ ಬೈರಮಂಗಲ ಕೆರೆಗೆ ಇಳಿಯುತ್ತದೆ. ಸೇತುವೆಯ ಮೇಲೆ ನಿಂತು ಮೂಗು ಮುಚ್ಚಿಕೊಂಡೇ ಕೆಳಗೆ ನೋಡಿದ ಹುಡುಗಿಗೆ ಆಶ್ಚರ್ಯ ಕಾದಿತ್ತು. ಕಪ್ಪು ಕೆಸರಿನಲ್ಲಿ ಕೆಂಪು ಕಡ್ಡಿಗಳಂಥ ನೀಳವಾದ ಕಾಲುಗಳ ಮೇಲೆ ಹತ್ತಾರು ಮೆಟ್ಟುಗಾಲು ಹಕ್ಕಿಗಳು ನಡೆದಾಡುತ್ತಿದ್ದವು. ನಡುನಡುವೆ ಗದ್ದೆಗೊರವಗಳು ಹಿಂಭಾಗವನ್ನು ಕುಣಿಸುತ್ತಿದ್ದವು. ದಡದ ಕಲ್ಲಿನ ಮೇಲೆ ಹಳದಿ ಹೊಟ್ಟೆಯ ಬೂದು ಸಿಪಿಲೆಯೊಂದು ಬಾಲವನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತ ನಿಂತಿತ್ತು.

“ದೊಡ್ಡಪ್ಪ, ಇಷ್ಟು ಹಕ್ಕಿ ಇದ್ದಮೇಲೆ ನೀರು ಅಷ್ಟೇನೂ ಕೆಟ್ಟಿಲ್ಲ ಅಂತ ಅಲ್ಲವಾ?” ಎಂದು ಅವಳು ಕೇಳಿದಳು.

ಅನೇಕರು ಮೋಸಹೋಗುವುದು ಈ ಜಾಗದಲ್ಲಿಯೇ. ಕೊಳಚೆ ಬೆರೆತ ಕೆಸರಿನಲ್ಲಿ ಕೆಲವು ಬಗೆಯ ಹುಳುಗಳು ಲಕ್ಷಗಟ್ಟಲೆ ಹುಟ್ಟುತ್ತವೆ. ಮೆಟ್ಟುಗಾಲು ಹಕ್ಕಿಗೂ ಸಿಪಿಲೆಗೂ ಅದು ಹಬ್ಬದೂಟ. ಹಕ್ಕಿ ಇದೆಯೆಂದ ಮಾತ್ರಕ್ಕೆ ನೀರು ತಿಳಿಯೆನ್ನುವಂತಿಲ್ಲ. ಯಾವ ಹಕ್ಕಿ ಇದೆ, ಯಾವುದು ಇಲ್ಲ ಎಂಬುದನ್ನು ಕೇಳಬೇಕು. ನೀರಿನೊಳಗೆ ಮುಳುಗಿ ಮೀನು ಹಿಡಿಯುವ ಗುಳುಮುಳುಕ ಅಲ್ಲಿಲ್ಲ. ಗುಬ್ಬಿಗಿಂತ ತುಸು ದೊಡ್ಡದಾದ ಸಣ್ಣ ಮಿಂಚುಳ್ಳಿ ಅಲ್ಲಿಲ್ಲ; ಮೇಲಿನಿಂದ ಗುರಿಯಿಟ್ಟು ಎರಗುವ ಅದಕ್ಕೆ ಮೀನು ಇದ್ದರಷ್ಟೇ ಸಾಲದು, ಅದು ಕಣ್ಣಿಗೆ ಕಾಣುವಷ್ಟು ನೀರು ತಿಳಿಯಾಗಿಯೂ ಇರಬೇಕು. ತಂತಿಯ ಮೇಲೆ ಕುಳಿತಿದ್ದ ಬಿಳಿ ಎದೆಯ ದೊಡ್ಡ ಮಿಂಚುಳ್ಳಿಯನ್ನು ಹುಡುಗಿ ತೋರಿಸಿದಾಗ ಹಿರಿಯರು ನಕ್ಕರು. ಮಿಡತೆ, ಹಲ್ಲಿ, ಓತಿಕೇತಗಳನ್ನು ತಿಂದು ಬದುಕಬಲ್ಲ ಅದಕ್ಕೆ ನದಿಯ ಗೊಡವೆಯೇ ಬೇಕಿಲ್ಲ. ಹೆಸರು ಒಂದೇ ಆದರೂ ಒಂದು ಹೇಳುವ ಸಾಕ್ಷಿಯನ್ನು ಇನ್ನೊಂದು ಹೇಳಲಾರದು.

ಊರು ಹಿಂದಾಗಿ ದಾರಿಯ ಇಬ್ಬದಿಗೂ ಬಯಲು ತೆರೆದುಕೊಂಡಿತು. ಬಯಲೆಂದರೆ ಹಿಂದಿನಂಥ ಬಯಲಲ್ಲ. ಒಂದು ಹೊಲದಲ್ಲಿ ಹುರುಳಿಯ ಒಣಗಿದ ಬಳ್ಳಿಯಿದ್ದರೆ ಪಕ್ಕದ ಹೊಲದಲ್ಲಿ ಬಿಳಿಯ ಬಣ್ಣ ಬಳಿದ ಗೂಟದ ಕಲ್ಲುಗಳು ಸಾಲಾಗಿ ನಿಂತಿರುತ್ತವೆ. ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ ಸಾವಿರಾರು ಎಕರೆಗಳಲ್ಲಿ ಹರಡಿಕೊಂಡಿರುವ ನಾಡಪ್ರಭು ಕೆಂಪೇಗೌಡ ಬಡಾವಣೆ ಈ ಸೀಮೆಯದೇ. ಹೀಗೆ ಮಟ್ಟಸ ಮಾಡಿ ಮನೆಗಳೇಳದೆ ಬಿಟ್ಟ ನಿವೇಶನಗಳು ಕೆಲವು ವರ್ಷ ಹಕ್ಕಿಗಳ ಸ್ವರ್ಗವಾಗಿಬಿಡುವುದು ಒಂದು ವಿನೋದ. ಲಂಟಾನದ ಪೊದೆಗಳಲ್ಲಿ ಹರಟೆಮಲ್ಲಗಳು ಆರೇಳರ ಗುಂಪು ಕಟ್ಟಿಕೊಂಡು ಜಗಳವಾಡುತ್ತವೆ. ಬರಿನೆಲದ ಮೇಲೆ ಟಿಟ್ಟಿಭಗಳು ಮನೆ ಹೂಡುತ್ತವೆ.

ಟಿಟ್ಟಿಭದ ವಿಷಯದಲ್ಲಿ ಒಂದಿಷ್ಟು ನಿಲ್ಲಲೇಬೇಕು. ಆಕಾಶ ಕಳಚಿ ಬಿದ್ದೀತೆಂಬ ಭಯದಿಂದ ಅದು ಕಾಲುಗಳನ್ನು ಮೇಲೆತ್ತಿ ಮಲಗುತ್ತದೆಂದು ಕಥೆ. ಪಂಚತಂತ್ರದಲ್ಲಿ ತನ್ನ ಮೊಟ್ಟೆಗಳನ್ನು ಕದ್ದ ಸಮುದ್ರದ ಮೇಲೆಯೇ ಹಗೆ ಸಾಧಿಸಹೊರಟ ಹಕ್ಕಿಯೂ ಇದೇ. ಕಥೆಯ ಟಿಟ್ಟಿಭಕ್ಕೆ ಸಮುದ್ರದ ಕಾಟವಿದ್ದರೆ ಕೆಂಗೇರಿಯ ಟಿಟ್ಟಿಭಕ್ಕೆ ಜೆ.ಸಿ.ಬಿ. ಯಂತ್ರದ ಕಾಟ. ಬೇಸಿಗೆಯ ಮೊದಲಲ್ಲಿ ಅದು ಗೂಡೆಂಬ ಗೂಡನ್ನೇ ಕಟ್ಟದೆ, ನೆಲದ ಮೇಲಿನ ಚಿಕ್ಕ ತಗ್ಗಿನಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನಿಡುತ್ತದೆ. ಮಣ್ಣಿನ ಬಣ್ಣ, ಕಪ್ಪು ಚುಕ್ಕೆ. ಜಲ್ಲಿಕಲ್ಲಿನ ನಡುವೆ ಜಲ್ಲಿಕಲ್ಲಿನಂತೆ ಇರುವ ಮೊಟ್ಟೆಗಳವು. ನಾಯಿ, ನರಿಗಳ ಕಣ್ಣಿಗೆ ಮಣ್ಣೆರಚಲು ಈ ಉಪಾಯ ಸಾವಿರಾರು ವರ್ಷ ಸಾಕಾಗಿತ್ತು. ಯಂತ್ರದ ಗಾಲಿಗೆ ಕಣ್ಣೇ ಇಲ್ಲವಾದ್ದರಿಂದ ಅದನ್ನು ಮರುಳುಮಾಡುವುದು ಹೇಗೆ?

ದೊಡ್ಡಪ್ಪ ದುರ್ಬೀನು ಎತ್ತಿ ಈ ಟಿಟ್ಟಿಭಗಳನ್ನು ಎಣಿಸುತ್ತಿರುವಾಗ ಮೇಕೆಗಳನ್ನು ಹೊಡೆದುಕೊಂಡು ಬರುತ್ತಿದ್ದ ಮುದುಕನೊಬ್ಬ ಸ್ವಲ್ಪ ದೂರದಲ್ಲಿಯೇ ನಿಂತ. ಅವನ ಮುಖದಲ್ಲಿ ಸಂಶಯವಿತ್ತು.

“ಏನ್ ಸ್ವಾಮಿ, ಅಳತೆ ಮಾಡಾಕ್ ಬಂದ್ರಾ?”

“ಇಲ್ಲಪ್ಪ, ಹಕ್ಕಿ ನೋಡೋಕೆ ಬಂದ್ವಿ.”

“ಹಂಗಾದ್ರೆ ಸೈಟು ನೋಡಾಕಲ್ಲ?”

“ಹಕ್ಕಿ ನೋಡೋಕೇ ಕಣಪ್ಪ. ಬೇಕಾದರೆ ನೀನೂ ನೋಡು.”

ದುರ್ಬೀನಿನಲ್ಲಿ ಕಣ್ಣಿಟ್ಟ ಮುದುಕ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಇದು ತೇನೆಹಕ್ಕಿ ಅಲ್ವರಾ? ರಾತ್ರಿ ಯಾರಾನಾ ಬಂದ್ರೆ ನಾಯಿಗಿಂತ ಮುಂಚೆ ಇದು ಕೂಗ್ತದೆ” ಎಂದ. ಕೊರಳಲ್ಲಿ ಯಂತ್ರ ನೇತುಹಾಕಿಕೊಂಡು ಹೊಲದ ಬದುವಿನಲ್ಲಿ ನಿಂತವರನ್ನು ಕಂಡರೆ ಆ ಕಡೆಯವರಿಗೆ ದಿಗಿಲಾಗುವುದು ಸಹಜ. ಅಳತೆಯ ಯಂತ್ರ ಬಂದ ಮೇಲೆ ಬೇಸಾಯ ಬಹಳ ದಿನ ಉಳಿಯುವುದಿಲ್ಲವೆಂಬುದನ್ನು ಅವರು ಅನುಭವದಿಂದ ಬಲ್ಲರು. ದುರ್ಬೀನು ಎರಡು ಕೈ ಬದಲಾದಮೇಲೆ ಮುದುಕ ಇನ್ನೊಂದು ಸಂಗತಿಯನ್ನೂ ತಿಳಿಸಿದ. ಮೊದಲು ಆ ತಂತಿಯ ಮೇಲೆ ದಿನವೂ ಕೂರುತ್ತಿದ್ದ ನೀಲಿ ಹಕ್ಕಿ ಈಗ ಯಾವಾಗಲೋ ಒಮ್ಮೆ ಕಾಣುತ್ತದಂತೆ.

ಅವನು ಹೇಳಿದ ನೀಲಿ ಹಕ್ಕಿ ನೀಲಕಂಠ, ಕರ್ನಾಟಕದ ರಾಜ್ಯಪಕ್ಷಿ. ದಾಸಮಗರೆಯೆಂಬ ಹೆಸರೂ ಅದಕ್ಕುಂಟು. ಕುಳಿತಾಗ ಮಣ್ಣು ಬಣ್ಣದ ಸಾಧಾರಣ ಹಕ್ಕಿಯಂತೆ ತೋರುವ ಅದು ರೆಕ್ಕೆ ಬಿಚ್ಚಿದೊಡನೆ ಎರಡು ಬಗೆಯ ನೀಲಿ ಬಣ್ಣಗಳು ಝಗ್ಗನೆ ಬೆಳಗುತ್ತವೆ. ವಿಜಯದಶಮಿಯ ದಿನ ಅದರ ದರ್ಶನವಾದರೆ ಶುಭವೆಂದು ಉತ್ತರ ಭಾರತದಲ್ಲಿಯೂ ತೆಲುಗು ನಾಡಿನಲ್ಲಿಯೂ ನಂಬಿಕೆ. ದರ್ಶನ ಮಾಡಿಸಿ ಕಾಸು ಗಿಟ್ಟಿಸಲು ಅದನ್ನು ಹಿಡಿದು ಪಂಜರದಲ್ಲಿ ಕೂಡಿಡುವವರೂ ಇದ್ದಾರೆ. ಶುಭವನ್ನು ಹುಡುಕುವ ರೀತಿ ಇದಲ್ಲ. ನೀಲಕಂಠಕ್ಕೆ ಬೇಕಾದದ್ದು ತೆರೆದ ಬಯಲು, ಕುಳಿತು ನೋಡಲು ಒಂದು ಎತ್ತರದ ಜಾಗ, ಹುಳು ಮಿಡತೆ, ಗೂಡಿಗೆ ಹಳೆಯ ಮರದ ಪೊಟರೆ. ಇಷ್ಟು ಸುಲಭವಾದ ಬೇಡಿಕೆಯುಳ್ಳ ಹಕ್ಕಿಗೆ ಕುತ್ತು ಬರುವುದುಂಟೇ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯು, ಇಳಿಮುಖದ ಕಾರಣದಿಂದ ಅಳಿವಿನ ಅಪಾಯದ ಪಟ್ಟಿಯಲ್ಲಿ ಮರುಪರಿಶೀಲನೆ ನಡೆಯಬೇಕೆಂದು ಹೇಳಿದ ಹಕ್ಕಿಗಳಲ್ಲಿ ನೀಲಕಂಠವೂ ಒಂದು. ಮೇಕೆ ಕಾಯುವ ಮುದುಕ ಆ ವರದಿಯನ್ನು ಓದಿದವನಲ್ಲ. ಅವನು ತಂತಿಯನ್ನು ನೋಡಿದವನು.

ಕೊಮ್ಮಘಟ್ಟದ ಕೆರೆ ಸಿಗುವ ಮುನ್ನ ದಾರಿಯ ಪಕ್ಕದಲ್ಲಿ ಹೂಬಿಟ್ಟ ಬೂರುಗದ ಮರವೊಂದಿತ್ತು. ಅದರ ಕೆಳಗೆ ಅವರು ಅರ್ಧ ಗಂಟೆಗೂ ಹೆಚ್ಚು ಕಾಲ ಕುಳಿತರು. ಬೂರುಗದ ಹೂವೆಂದರೆ ಕೈತುಂಬುವ ದಪ್ಪ ಬಟ್ಟಲು. ಅದರ ತಳದಲ್ಲಿ ಮಕರಂದ ತುಂಬಿರುತ್ತದೆ. ನೀರು ಕಡಿಮೆಯಾಗುವ ಕಾಲದಲ್ಲಿ ತೆರೆದ ಈ ಅರವಟ್ಟಿಗೆಗೆ ಬಾರದ ಹಕ್ಕಿಯಿಲ್ಲ. ಕಾಗೆ, ಗೊರವಂಕ, ಪಿಕಳಾರ, ಸೂರಕ್ಕಿ ಎಲ್ಲವೂ ಇದ್ದವು. ಕಾಜಾಣಗಳಿಗೆ ಹೂವಿನ ಆಸೆಗಿಂತ ಹೂವಿಗೆ ಮುತ್ತಿದ ಜೇನುನೊಣದ ಆಸೆ ಹೆಚ್ಚು. ಹುಡುಗಿಗೆ ಎಲ್ಲ ಕಾಜಾಣಗಳೂ ಒಂದೇ ಆಗಿ ಕಂಡವು. ಒಂದರ ಮೈ ಮಾತ್ರ ಕಾಡಿಗೆಯಂತೆ ಕಪ್ಪಾಗಿರದೆ ಬೂದಿ ಬೆರೆತ ಕಪ್ಪಾಗಿದೆಯೆಂದೂ ಅದರ ಕಣ್ಣು ಕೆಂಪೆಂದೂ ದೊಡ್ಡಪ್ಪ ತೋರಿಸಿಕೊಟ್ಟಮೇಲೆ ಅವಳಿಗೆ ಇಡೀ ಮರವೇ ಬೇರೆಯಾಗಿ ತೋರಿತು. ಮೊದಲನೆಯದು ವರ್ಷವಿಡೀ ಇಲ್ಲಿಯೇ ಇರುವ ಕಾಜಾಣ. ಎರಡನೆಯದು ಚಳಿಗಾಲಕ್ಕೆಂದು ಉತ್ತರದ ಬೆಟ್ಟಗಳಿಂದ ಇಳಿದು ಬಂದ ಬೂದು ಕಾಜಾಣ. ಒಂದೇ ಕೊಂಬೆಯ ಮೇಲೆ ಮನೆಯವನೂ ನೆಂಟನೂ ಕುಳಿತಿದ್ದರು.

ನೆಂಟರಲ್ಲಿ ಎಲ್ಲರಿಗಿಂತ ಗದ್ದಲ ಮಾಡಿದವು ಗುಲಾಬಿ ಕಬ್ಬಕ್ಕಿಗಳು. ತಲೆಯೂ ರೆಕ್ಕೆಯೂ ಕಪ್ಪು, ಮೈ ತಿಳಿಗೆಂಪು. ಮಧ್ಯ ಏಷ್ಯದ ಹುಲ್ಲುಗಾವಲುಗಳಲ್ಲಿ ಮಿಡತೆಗಳನ್ನು ತಿಂದು ಮರಿಮಾಡಿ, ಮಳೆಗಾಲದಲ್ಲಿಯೇ ಭಾರತದತ್ತ ಬರತೊಡಗುವ ಇವು ಏಪ್ರಿಲ್ ವೇಳೆಗೆ ಹಿಂದಿರುಗುತ್ತವೆ. ಒಂದು ಗುಂಪು ಬಂದಿಳಿದರೆ ಮರವೇ ಮಾತನಾಡಿದಂತಾಗುತ್ತದೆ. ಇವುಗಳಿಗಿಂತ ದೊಡ್ಡ ಯಾತ್ರಿಕನಾದರೂ ಬೇಲಿಯೊಳಗಿಂದ ‘ಚಕ್ ಚಕ್’ ಎಂದಷ್ಟೇ ಹೇಳಿ, ಮುಖ ತೋರಿಸಲು ನಾಚುವಂಥದು ಉಲಿಯಕ್ಕಿ. ಕಂದು ಬಣ್ಣದ, ಹನ್ನೆರಡು ಗ್ರಾಂ ಆಸುಪಾಸಿನ ತೂಕದ ಈ ಹಕ್ಕಿಗೆ ರೂಪವೆಂಬುದಿಲ್ಲ, ಹೆಸರಾಂತ ಹಾಡೂ ಇಲ್ಲಿ ಕೇಳಸಿಗದು. ಆದರೂ ಬೇಸಿಗೆಯಲ್ಲಿ ಅದು ರಷ್ಯದಲ್ಲಿಯೋ ಫಿನ್ಲೆಂಡಿನಲ್ಲಿಯೋ ಗೂಡು ಕಟ್ಟುತ್ತಿರುತ್ತದೆ.

“ಇಷ್ಟು ಪುಟ್ಟದು ಅಷ್ಟು ದೂರ ಹೇಗೆ ಹೋಗುತ್ತೆ ದೊಡ್ಡಪ್ಪ?”

“ಹೊರಡೋಕೆ ಮುಂಚೆ ಚೆನ್ನಾಗಿ ತಿಂದು ಮೈಯಲ್ಲಿ ಕೊಬ್ಬು ತುಂಬಿಸಿಕೊಳ್ಳುತ್ತೆ ಪುಟ್ಟಿ. ಅದೇ ಬುತ್ತಿ. ಈಗ ಅದು ಬುತ್ತಿ ಕಟ್ಟಿಕೊಳ್ಳೋ ಕಾಲ. ಬೇಲಿಯಲ್ಲಿ ಹುಳ ಸಿಕ್ಕಲಿಲ್ಲ ಅಂದರೆ ಪ್ರಯಾಣ ಇಲ್ಲ.”

ಬೇಲಿಯೊಂದನ್ನು ಕಿತ್ತು ಅಲ್ಲಿ ಕಾಂಪೌಂಡು ಗೋಡೆ ಕಟ್ಟಿದರೆ ಅದರ ಪರಿಣಾಮ ರಷ್ಯದ ಕಾಡಿನವರೆಗೂ ಮುಟ್ಟಬಹುದೆಂಬುದು ಹುಡುಗಿಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ.

ಮರದ ಕೆಳಗಿನ ಬಿಡುವಿನಲ್ಲಿ ದೊಡ್ಡಪ್ಪ ಪುಸ್ತಕ ತೆರೆದು ಬರೆಯತೊಡಗಿದರು. ಹೆಸರುಗಳ ಪಟ್ಟಿ ಮೊದಲೇ ಸಿದ್ಧವಾಗಿತ್ತು. ಮುಂದೆ ಸಂಖ್ಯೆ ತುಂಬುವುದಷ್ಟೇ ಕೆಲಸ. ಬೂದು ಸಿಪಿಲೆ ಒಂದು, ಗೊರವಂಕ ಹದಿನಾಲ್ಕು, ಕಾಗೆ ಇಪ್ಪತ್ತಮೂರು ಎಂದು ಅವರು ಬರೆಯುವುದನ್ನು ನೋಡಿ ಅವಳಿಗೆ ನಗು ಬಂತು. ಕಾಗೆಯನ್ನು ಎಣಿಸಲು ಕೆಂಗೇರಿಯವರೆಗೆ ಬರಬೇಕೆ? ಆಮೇಲೆ ಅವಳ ಕಣ್ಣು ಪಟ್ಟಿಯ ಕೊನೆಯ ಸಾಲಿನ ಮೇಲೆ ಬಿತ್ತು. ‘ರಣಹದ್ದು’ ಎಂದು ಬರೆದು ಅದರ ಮುಂದೆ ಸೊನ್ನೆ ಹಾಕಿದ್ದರು. ಹಿಂದಿನ ಪುಟ ತಿರುಗಿಸಿದಳು, ಅಲ್ಲಿಯೂ ಸೊನ್ನೆ. ಇನ್ನೂ ಹಿಂದಕ್ಕೆ ಹೋದಳು. ವರ್ಷವರ್ಷದ ಲೆಕ್ಕದಲ್ಲಿಯೂ ಅದೇ ಹೆಸರು, ಅದೇ ಸೊನ್ನೆ.

ಇಲ್ಲದ ಹಕ್ಕಿಯ ಹೆಸರನ್ನು ಬರೆಯುವುದೇಕೆಂದು ಅವಳು ಕೇಳಿದ್ದು ನ್ಯಾಯವಾದ ಪ್ರಶ್ನೆ. ದೊಡ್ಡಪ್ಪ ಹುಡುಗರಾಗಿದ್ದಾಗ ಊರಾಚೆಗೆ ಸತ್ತ ದನ ಬಿದ್ದರೆ ಸಾಕು, ಎಲ್ಲಿಂದಲೋ ಬಂದ ರಣಹದ್ದುಗಳು ಒಂದೆರಡು ಗಂಟೆಗಳಲ್ಲಿ ಬರಿಯ ಎಲುಬನ್ನು ಉಳಿಸಿ ಹೋಗುತ್ತಿದ್ದವು. ದೇಶದ ತುಂಬ ಅವು ಎಷ್ಟು ಸಾಮಾನ್ಯವಾಗಿದ್ದವೆಂದರೆ ಅವನ್ನು ಎಣಿಸಬೇಕೆಂದು ಬಹುತೇಕ ಯಾರಿಗೂ ತೋರಲಿಲ್ಲ. ಎಣಿಸಿದ ಕೆಲವೇ ಜಾಗಗಳಲ್ಲಿ ರಾಜಸ್ಥಾನದ ಭರತಪುರ ಒಂದು. ವಿಭು ಪ್ರಕಾಶ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ಅಲ್ಲಿಯ ಬಿಳಿಬೆನ್ನಿನ ರಣಹದ್ದಿನ ಗೂಡುಗಳ ಲೆಕ್ಕವಿಟ್ಟಿದ್ದರು. ಹತ್ತು ವರ್ಷಗಳ ತರುವಾಯ ಮತ್ತೆ ಅಲ್ಲಿಗೆ ಹೋಗಿ ಎಣಿಸಿದಾಗ ಗೂಡುಗಳು ಅರ್ಧಕ್ಕಿಂತ ಕಡಿಮೆಯಾಗಿದ್ದವು. ಮರಗಳಲ್ಲಿ ಸತ್ತ ಹಕ್ಕಿಗಳು ಜೋತುಬಿದ್ದಿದ್ದವು. ಹಳೆಯ ಲೆಕ್ಕ ಇದ್ದುದರಿಂದಲೇ ಹೊಸ ಲೆಕ್ಕ ಬೆಚ್ಚಿಬೀಳಿಸಿತು. ದೇಶದಾದ್ಯಂತ ಹುಡುಕಿದಾಗ, 2007ರ ಹೊತ್ತಿಗೆ ಆ ಜಾತಿಯ ನೂರು ಹಕ್ಕಿಗಳಲ್ಲಿ ಒಂದೂ ಉಳಿದಿರಲಿಲ್ಲವೆನ್ನಬೇಕು. ಸಾವಿರಕ್ಕೆ ಒಂದು ಉಳಿದಿತ್ತು.

ಕಾರಣ ತಿಳಿದದ್ದು 2004ರಲ್ಲಿ. ದನಗಳ ನೋವು, ಬಾವುಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ಔಷಧವು ಸತ್ತ ದನದ ಮಾಂಸದಲ್ಲಿ ಉಳಿದಿರುತ್ತಿತ್ತು. ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡಗಳು ಕೆಟ್ಟು ಅವು ಸಾಯುತ್ತಿದ್ದವು. ದನಕ್ಕೆ ಹಿತವಾದದ್ದು ಹದ್ದಿಗೆ ವಿಷವಾಗಿತ್ತು. ಯಾರೂ ಕೆಡುಕು ಬಯಸಿರಲಿಲ್ಲ. ಪಶುಗಳಿಗೆ ಅದನ್ನು ಬಳಸುವುದನ್ನು ಭಾರತ ಸರ್ಕಾರ 2006ರಲ್ಲಿ ನಿಷೇಧಿಸಿತು. ಅದೇ ಬಗೆಯ ಇನ್ನೆರಡು ಔಷಧಗಳಿಗೆ 2023ರಲ್ಲಿ ನಿಷೇಧ ಬಂತು. ಬೆಂಗಳೂರಿಗೆ ಹತ್ತಿರದಲ್ಲಿ ರಣಹದ್ದುಗಳು ಉಳಿದುಕೊಂಡದ್ದು ‘ಶೋಲೆ’ ಚಲನಚಿತ್ರದಿಂದ ಹೆಸರಾದ ರಾಮನಗರದ ಬಂಡೆಗಳಲ್ಲಿ. ಅಲ್ಲಿಯ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಅಲ್ಲಿ ಉಳಿದಿದ್ದ ಹಕ್ಕಿಗಳು ಬೆರಳೆಣಿಕೆಯಷ್ಟು ಮಾತ್ರ. ಅಷ್ಟು ಹತ್ತಿರದಿಂದ ಒಂದಾದರೂ ಗಾಳಿಯಲ್ಲಿ ತೇಲುತ್ತ ಕೆಂಗೇರಿಯ ಮೇಲೆ ಹಾದುಹೋದೀತೆಂಬ ಆಸೆ ದೊಡ್ಡಪ್ಪನವರದು. ಆದರೆ ಸೊನ್ನೆ ಬರೆಯಲು ಆಸೆಯೊಂದೇ ಕಾರಣವಲ್ಲ.

“ಏನೂ ಬರೆಯದೆ ಖಾಲಿ ಬಿಟ್ಟರೆ, ಇವನು ನೋಡಲೇ ಇಲ್ಲವೇನೋ ಅಂತ ಮುಂದೆ ಓದೋರು ಅಂದುಕೋತಾರೆ. ಸೊನ್ನೆ ಬರೆದರೆ, ತಲೆ ಎತ್ತಿ ನೋಡಿದ, ಇರಲಿಲ್ಲ ಅಂತ ಗೊತ್ತಾಗುತ್ತೆ” ಎಂದರು ಅವರು.

ಹುಡುಗಿ ಆಮೇಲೆ ಕಾಗೆಗಳನ್ನು ಇನ್ನೊಮ್ಮೆ ತಾನೇ ಎಣಿಸಿದಳು. ಇಪ್ಪತ್ತಾರು ಇದ್ದವು. ಪುಸ್ತಕದಲ್ಲಿ ತಿದ್ದುಪಡಿಯಾಯಿತು.

ಕೊಮ್ಮಘಟ್ಟದ ಕೆರೆಯ ಏರಿಯ ಮೇಲೆ ಬಿಸಿಲು ಏರಿತ್ತು. ಹಣೆಯಲ್ಲಿ ಬಿಳಿಯ ಪಟ್ಟೆಯುಳ್ಳ ನಾಮದ ಕೋಳಿಗಳು ಈಜುತ್ತಿದ್ದವು. ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿದ್ದವು. ಜೊಂಡಿನ ಅಂಚಿನಲ್ಲಿ ಗುಳುಮುಳುಕವೊಂದು ಮುಳುಗಿ ಇನ್ನೆಲ್ಲಿಯೋ ಎದ್ದಿತು. ಇಲ್ಲಿ ಮೀನಿದೆಯೆಂದು ಹುಡುಗಿ ಯಾರ ಸಹಾಯವೂ ಇಲ್ಲದೆ ಹೇಳಿದಳು. ಅಲ್ಲಿಂದ ಮುಂದೆ ರಾಮೋಹಳ್ಳಿಯ ದೊಡ್ಡ ಆಲದ ಮರದವರೆಗೆ ನಡೆಯುವ ಉತ್ಸಾಹ ಅವಳಿಗಿತ್ತು. ಮೂಲ ಕಾಂಡವೇ ನಾಶವಾದ ಮೇಲೂ ಬಿಳಲುಗಳ ಬಲದಿಂದ ಮೂರು ಎಕರೆಯಷ್ಟು ಹರಡಿ ನಿಂತ ಆ ಮರವನ್ನು ನೋಡುವುದು ಇನ್ನೊಂದು ದಿನದ ಕೆಲಸವೆಂದು ದೊಡ್ಡಪ್ಪ ತಡೆದರು. ಅವರ ಮೊಣಕಾಲಿಗೂ ಅದೇ ಅಭಿಪ್ರಾಯವಿತ್ತು.

ಇಂಥ ಲೆಕ್ಕದ ಪುಸ್ತಕಗಳು ಮೊದಲು ಬರೆದವರ ಮನೆಯ ಕಪಾಟಿನಲ್ಲಿಯೇ ಉಳಿದುಬಿಡುತ್ತಿದ್ದವು. ಅವನ್ನು ಒಟ್ಟುಗೂಡಿಸುವ ಕೆಲಸ ಬೆಂಗಳೂರಿನಲ್ಲಿ ಬಹಳ ಹಿಂದೆಯೇ ಆರಂಭವಾಗಿತ್ತು. 1972ರಲ್ಲಿ ಇಲ್ಲಿ ಪಕ್ಷಿವೀಕ್ಷಕರ ಸಂಘವೊಂದು ಹುಟ್ಟಿತು. ಅದರ ಮುಂದಾಳುಗಳಲ್ಲಿ ಒಬ್ಬರಾದ ಜೋಸೆಫ್ ಜಾರ್ಜ್ ಅವರ ಸಂಪಾದಕತ್ವದಲ್ಲಿ ಬೆಂಗಳೂರಿನ ಹಕ್ಕಿಗಳ ಟಿಪ್ಪಣಿಸಹಿತವಾದ ಪಟ್ಟಿ 1994ರಲ್ಲಿ ಹೊರಬಂತು. ಅದಕ್ಕೂ ಮುಂಚೆ, 1959ರಲ್ಲಿಯೇ, ಜಫರ್ ಫತೇಹಲ್ಲಿಯವರು ಪಕ್ಷಿವೀಕ್ಷಕರಿಗಾಗಿ ಒಂದು ಪತ್ರಿಕೆಯನ್ನು ಆರಂಭಿಸಿ, ದೇಶದ ಮೂಲೆಮೂಲೆಯ ಹವ್ಯಾಸಿಗಳ ಟಿಪ್ಪಣಿಗಳಿಗೆ ಅದರಲ್ಲಿ ಎಡೆಕೊಟ್ಟಿದ್ದರು. ಕನ್ನಡದಲ್ಲಿ ಹಕ್ಕಿಗಳನ್ನು ಹೆಸರು ಹಿಡಿದು ಗುರುತಿಸುವ ಆಸೆಯನ್ನು ಮನೆಮನೆಗೆ ಮುಟ್ಟಿಸಿದವರು ಪೂರ್ಣಚಂದ್ರ ತೇಜಸ್ವಿಯವರು. ಹೆಸರು ಗೊತ್ತಿಲ್ಲದ ಹಕ್ಕಿ ಕಣ್ಣೆದುರಿಗಿದ್ದರೂ ಬಹುಮಟ್ಟಿಗೆ ಇಲ್ಲದಂತೆಯೇ ಸರಿ. ಅದು ಇಲ್ಲವಾದ ದಿನ ಇಲ್ಲವಾಯಿತೆಂದು ಹೇಳಲು ಬಾಯಿಗೆ ಮಾತೇ ಇರುವುದಿಲ್ಲ.

ಈಗ ಲೆಕ್ಕವನ್ನು ಅಂತರ್ಜಾಲದ ಮೂಲಕ ಎಲ್ಲರೂ ಒಂದೆಡೆ ಸೇರಿಸುತ್ತಾರೆ. 2023ರ ವರದಿಯ ಹಿಂದೆ ಸುಮಾರು 30,000 ಪಕ್ಷಿವೀಕ್ಷಕರ 3 ಕೋಟಿಗೂ ಹೆಚ್ಚು ದಾಖಲೆಗಳಿದ್ದವು. ಅವರಲ್ಲಿ ಹೆಚ್ಚಿನವರು ವಿಜ್ಞಾನಿಗಳಲ್ಲ. ಉಪಾಧ್ಯಾಯರು, ಗೃಹಿಣಿಯರು, ವಿದ್ಯಾರ್ಥಿಗಳು. ದೀರ್ಘಕಾಲದ ಏರಿಳಿತವನ್ನು ತಿಳಿಯಲು ಸಾಧ್ಯವಾದ 338 ಜಾತಿಗಳಲ್ಲಿ 204 ಜಾತಿಗಳು ಇಳಿಮುಖವಾಗಿದ್ದವು. ಈ ಲೆಕ್ಕ ದುಃಖದ ಸುದ್ದಿಯನ್ನೇ ಹೇಳುತ್ತದೆಂದು ಭಾವಿಸಬೇಕಾಗಿಲ್ಲ. ನವಿಲು ಹೆಚ್ಚಿದೆ, ಕೋಗಿಲೆ ಹೆಚ್ಚಿದೆ. ಎಲ್ಲೆಡೆಯೂ ಅಳಿದೇಹೋಯಿತೆಂದು ಜನ ಮರುಗುತ್ತಿದ್ದ ಗುಬ್ಬಚ್ಚಿಯು ದೊಡ್ಡ ನಗರಗಳಲ್ಲಿ ಕಡಿಮೆಯಾಗಿದ್ದರೂ ದೇಶದ ಒಟ್ಟು ಲೆಕ್ಕದಲ್ಲಿ ಹೆಚ್ಚುಕಡಿಮೆ ಹಾಗೆಯೇ ಇದೆಯೆಂದು 2020ರ ವರದಿಯಿಂದ ತಿಳಿಯಿತು. ಮರುಗುವುದಕ್ಕೂ ಹಿಗ್ಗುವುದಕ್ಕೂ ಮೊದಲು ಎಣಿಸುವುದು ಲೇಸು.

ಪ್ರತಿವರ್ಷ ಫೆಬ್ರವರಿಯ ನಡುವೆ ನಾಲ್ಕು ದಿನ ಜಗತ್ತಿನ ಅನೇಕ ದೇಶಗಳಲ್ಲಿ ಇಂಥ ಎಣಿಕೆ ನಡೆಯುತ್ತದೆ. 1998ರಲ್ಲಿ ಅಮೆರಿಕದಲ್ಲಿ ತೊಡಗಿದ ಈ ಪದ್ಧತಿಗೆ ಭಾರತದವರು 2013ರಲ್ಲಿ ಸೇರಿದರು. ನಿಯಮ ಬಹಳ ಸರಳ. ಹಿತ್ತಿಲೋ ಶಾಲೆಯ ಅಂಗಳವೋ ಕೆರೆಯ ಏರಿಯೋ, ಎಲ್ಲಿಯಾದರೂ ಸರಿ, ಕನಿಷ್ಠ ಹದಿನೈದು ನಿಮಿಷ ನಿಂತು ಕಂಡ ಹಕ್ಕಿಗಳ ಹೆಸರನ್ನೂ ಸಂಖ್ಯೆಯನ್ನೂ ಬರೆದುಕೊಳ್ಳಬೇಕು. ದುರ್ಬೀನು ಇಲ್ಲದಿದ್ದರೂ ನಡೆಯುತ್ತದೆ. ಬಸವೇಶ್ವರನಗರದ ಒಂದು ಸಾಧಾರಣ ಶಾಲೆಯ ಅಂಗಳದಲ್ಲಿಯೂ ಹದಿನೈದು ನಿಮಿಷದಲ್ಲಿ ಏಳೆಂಟು ಜಾತಿಗಳಿಗೆ ಕೊರತೆಯಿಲ್ಲ: ಕಾಗೆ, ಹದ್ದು, ಪಾರಿವಾಳ, ಗೊರವಂಕ, ಅರಳಿಮರದಲ್ಲಿ ಸುತ್ತಿಗೆ ಬಡಿದಂತೆ ‘ಟುಕ್ ಟುಕ್’ ಎನ್ನುವ ಕಂಚುಗಾರ ಹಕ್ಕಿ, ಗಿಳಿ, ಹೂಗಿಡದಲ್ಲಿ ಸೂರಕ್ಕಿ. ನೀರಿನ ತೊಟ್ಟಿಯ ಬಳಿ ನೆಲ ಒದ್ದೆಯಾಗಿದ್ದರೆ ಬೂದು ಸಿಪಿಲೆಯೂ ಸಿಕ್ಕೀತು.

ಕೆಂಗೇರಿಯಿಂದ ಹಿಂದಿರುಗಿದ ಮರುವಾರ ಹುಡುಗಿಗೆ ತನ್ನ ಶಾಲೆಯಲ್ಲಿ ಹಾಗೊಂದು ಸಿಪಿಲೆ ಕಂಡಿತು. ಅಡಿಗೆಮನೆಯ ಹಿಂದಿನ ಚರಂಡಿಯ ಅಂಚಿನಲ್ಲಿ ಅದು ದಿನವೂ ಓಡಾಡುತ್ತಿತ್ತು. ಅಷ್ಟು ದಿನ ಯಾರೂ ಅದನ್ನು ಗಮನಿಸಿರಲಿಲ್ಲ. ನೋಟು ಪುಸ್ತಕದ ಕೊನೆಯ ಹಾಳೆಯಲ್ಲಿ ಅವಳು ಗೆರೆಯೆಳೆದು, ತಾರೀಖಿನ ಮುಂದೆ ‘1’ ಎಂದು ಬರೆಯತೊಡಗಿದಳು. ಮಾರ್ಚಿಯಿಡೀ ಒಂದು, ಒಂದು, ಒಂದು ಎಂದೇ ಸಾಗಿತು. ಏಪ್ರಿಲಿನ ಮೊದಲ ವಾರದ ಒಂದು ಬೆಳಿಗ್ಗೆ, ಪರೀಕ್ಷೆಯ ಗಂಟೆ ಬಾರಿಸುವ ಮುನ್ನ, ಅವಳು ಚರಂಡಿಯ ಬಳಿ ಹದಿನೈದು ನಿಮಿಷ ನಿಂತು ಕಾದಳು. ಆಮೇಲೆ ಪುಸ್ತಕ ತೆಗೆದು ಅಂದಿನ ತಾರೀಖಿನ ಮುಂದೆ ಸೊನ್ನೆ ಬರೆದಳು. ಬೂದು ಸಿಪಿಲೆಗಳು ಮತ್ತೆ ಬರುವುದು ಸೆಪ್ಟೆಂಬರಿನಲ್ಲಿ.